ಗ್ದೀನ್ಯಾ, ಸಂಜೆ ತರಗತಿ

ಬಂದರಿನ ಕಾರ್ಮಿಕ ಭವನ, ಎರಡನೇ ಮಹಡಿ.
ಕಿಟಕಿಯಾಚೆ ಬಾಲ್ಟಿಕ್. ಕಾಣುವುದಿಲ್ಲ, ಕೊರೆಯುತ್ತದೆ.
ಹೀಟರಿನ ಮೇಲೆ ಏಳು ಜೊತೆ ಕೈಗವಸು ಒಣಗುತ್ತಿವೆ.
ಹಲಗೆಯ ಮೇಲೆ ನಾನು ಸೊನ್ನೆ ಬರೆದೆ.

'ಎಣಿಕೆ ಇಲ್ಲಿಂದ ಶುರು,' ಅಂದೆ, 'ಒಂದರಿಂದಲ್ಲ.
ಅರೇ ಅಂದರೆ ಒಂದಕ್ಕೊಂದು ಅಂಟಿಕೊಂಡ ಖಾನೆಗಳು,
ಮೊದಲನೆಯದರ ನಂಬರು ಸೊನ್ನೆ.'
ಯಾರೂ ಹುಬ್ಬೇರಿಸಲಿಲ್ಲ.
ಮೀನು ಡಬ್ಬಿ ತುಂಬುವ ಕಿಂಗಾ ಆಕಳಿಸಿದಳು:
'ನಮ್ಮ ಲಿಫ್ಟಿನ ಹಾಗೆ. ನೆಲ ಸೊನ್ನೆ,
ಅದರ ಮೇಲಿನದು ಒಂದು. ಮುಂದೆ?'

ಮುಂದೆ ಸ್ಟ್ಯಾಕ್. ಅದನ್ನು ನಾನು ಹೇಳಬೇಕಾಗಲಿಲ್ಲ.
ಕ್ರೇನ್ ನಡೆಸುವ ವೀತೊಲ್ದ್ ಎದ್ದು ನಿಂತು
ಎರಡೂ ಅಂಗೈಯಲ್ಲಿ ಗಾಳಿಯ ಕಂಟೇನರು ಪೇರಿಸಿದ,
ಒಂದರ ಮೇಲೊಂದು, ಐದು.
'ಕೊನೆಗೆ ಬಂದದ್ದು ಮೊದಲು ಹೋಗುತ್ತೆ.
ತಳದ್ದೇ ಬೇಕೆಂದು ಗುಮಾಸ್ತ ಫೋನು ಮಾಡಿದರೆ
ನಾಲ್ಕು ಇಳಿಸು, ನಾಲ್ಕು ಮತ್ತೆ ಏರಿಸು,
ನಡುವೆ ಅವನ ವಂಶಕ್ಕೆಲ್ಲ ಮಂಗಳಾರತಿ ಎತ್ತು.'
ತಳದಲ್ಲಿ ಒಮ್ಮೆ ಬಾಳೆಹಣ್ಣಿತ್ತಂತೆ.
ಇವನು ಮುಟ್ಟುವ ಹೊತ್ತಿಗೆ ಹೆಂಡವಾಗಿತ್ತಂತೆ.

ಕ್ಯೂ ಎಂದು ಬರೆದಾಗ ನಗು ಎದ್ದಿತು,
ವಯಸ್ಸಾದವರ ಬೆಂಚಿನಿಂದ ಮಾತ್ರ.
'ಅದನ್ನು ನಾವು ಕಲಿತದ್ದಲ್ಲ,' ಅಂದರು ಯಾದ್ವಿಗಾ,
ಎಪ್ಪತ್ತೊಂದು ದಾಟಿದವರು,
'ಅದರಲ್ಲೇ ಬೆಳೆದದ್ದು. ಮಾಂಸಕ್ಕೆ ನಿಂತೆ, ಸಕ್ಕರೆಗೆ ನಿಂತೆ,
ಒಮ್ಮೆ ಏನಕ್ಕೆಂದೇ ತಿಳಿಯದೆ ನಿಂತು
ಎಡಗಾಲಿನವೇ ಎರಡು ಬೂಟು ತಂದೆ.
ಮೊದಲು ಬಂದವರಿಗೆ ಮೊದಲು, ಸರಿ ಮೇಷ್ಟ್ರೇ.
ಬಸುರಿಯರು ಬಂದರೆ? ಪಕ್ಕದ ಮನೆಯ ಕೂಸನ್ನು
ಸಾಲ ತಂದು ಸೊಂಟಕ್ಕೆ ಕೂರಿಸಿಕೊಂಡವರು ಬಂದರೆ?'
ಅದಕ್ಕೆ ಪ್ರಯಾರಿಟಿ ಕ್ಯೂ ಅನ್ನುತ್ತಾರೆ, ಅಂದೆ.
ಬರೆದುಕೊಂಡರು, ಅಡಿಗೆರೆ ಎಳೆದು.

ಆಮೇಲೆ ಲಿಂಕ್ಡ್ ಲಿಸ್ಟ್.
ಇಲ್ಲಿ ಖಾನೆಗಳು ಅಕ್ಕಪಕ್ಕ ಇಲ್ಲ,
ಊರಿಡೀ ಚದುರಿವೆ.
ಒಬ್ಬೊಬ್ಬರ ಕೈಯಲ್ಲಿ ಎರಡೆರಡೇ: ತನ್ನ ಪಾಲಿನ ಸರಕು,
ಮುಂದಿನವರ ವಿಳಾಸ.
ಹಿಂದಿನವರು ಯಾರು, ಗೊತ್ತಿಲ್ಲ.
ಒಟ್ಟು ಎಷ್ಟು ಜನ, ಗೊತ್ತಿಲ್ಲ.
ಕೊನೆಯದು ಎತ್ತಲೂ ಬೆರಳು ತೋರದು.
ಆ ಎತ್ತಲೂ ಇಲ್ಲದ್ದಕ್ಕೆ ನಲ್ ಎಂದು ಹೆಸರು.

ಯಾದ್ವಿಗಾ ಪೆನ್ನು ಕೆಳಗಿಟ್ಟರು.

'ಎಂಬತ್ತೆರಡರ ಚಳಿಗಾಲ.
ಹಾಲಿನ ಬಾಟಲಿಯ ಪಕ್ಕ ಕರಪತ್ರದ ಕಟ್ಟು ಇರುತ್ತಿತ್ತು,
ಇಟ್ಟವರನ್ನು ನಾನು ಕಂಡದ್ದಿಲ್ಲ.
ನನ್ನ ಪಾಲು ಎತ್ತಿಕೊಂಡು, ಮಿಕ್ಕದ್ದನ್ನು
ಹಡಗುಕಟ್ಟೆಯ ಹಿಂದಿನ ಓಣಿ, ನಾಲ್ಕನೇ ಬಾಗಿಲಿಗೆ.
ಹೆಸರು ಕೇಳಬಾರದು, ಅದೇ ಕಟ್ಟಳೆ.
ಹಸಿರು ಸ್ವೆಟರು, ಒಣ ಕೆಮ್ಮು. ನನಗೆ ಗೊತ್ತಿದ್ದ ಅವಳು ಅಷ್ಟೇ.
ಫೆಬ್ರವರಿಯ ಒಂದು ರಾತ್ರಿ ಬಾಗಿಲು ತಟ್ಟಿದೆ.
ಬೇರೆ ಯಾರೋ ತೆಗೆದರು.
ತಪ್ಪು ಮನೆ ಅಂದೆ, ಮೆಟ್ಟಿಲಿಳಿದೆ,
ಕಟ್ಟನ್ನು ಒಲೆಗೆ ಹಾಕಿದೆ.

ಹೇಳಿ ಮೇಷ್ಟ್ರೇ,
ಅವಳ ಮುಂದಿನವರು ಏನಾದರು?'

ಮೆಮೊರಿಯಲ್ಲೇ ಇರುತ್ತಾರೆ, ಅಂದೆ.
ಇದ್ದಲ್ಲೇ, ಸರಕಿನ ಸಮೇತ.
ತಲುಪುವ ದಾರಿ ಮಾತ್ರ ಇಲ್ಲ.
ಯಾರೂ ಬೆರಳು ತೋರದವರನ್ನು ಗುಡಿಸಲು
ಆಗೀಗ ಒಂದು ಪೊರಕೆ ಬರುತ್ತದೆ, ಪಾಠದಲ್ಲಿದೆ.
ಅದರ ಹೆಸರು ಬರೆಯಲು ಸೀಮೆಸುಣ್ಣ ಎತ್ತಿದೆ.
ಬರೆಯಲಿಲ್ಲ.

'ಹಸಿರು ಸ್ವೆಟರಿನವಳ ಕಡೆ
ನಾನಿನ್ನೂ ಬೆರಳು ತೋರುತ್ತಿದ್ದೇನಲ್ಲ?'

ಹಾಗಾದರೆ ಗುಡಿಸುವುದಿಲ್ಲ.
ಅವಳನ್ನೂ, ಅವಳು ತೋರಿದವರನ್ನೂ.

ವೀತೊಲ್ದ್ ಗಡಿಯಾರ ನೋಡಿದ, ರಾತ್ರಿ ಪಾಳಿ.
ಮುಂದಿನ ವಾರ ಮರ, ಎಂದೆ,
ಬೇರು ಮೇಲಿರುವ ಮರ, ಎಲೆಗಳು ಕೆಳಗೆ.
ಕಿಂಗಾ ಕೈಗವಸು ಹಂಚಿದಳು.

ಯಾದ್ವಿಗಾ ಸ್ಕಾರ್ಫು ಸುತ್ತಿಕೊಳ್ಳುತ್ತಿದ್ದಂತೆ ಕಣ್ಣಿಗೆ ಬಿತ್ತು:
ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ
ವಿಳಾಸದ ಖಾನೆ ಖಾಲಿ.
ಕೇಳಿದೆ.
ನಿಧಾನವಾಗಿ ಹೇಳಿದರು, ಮಹಡಿಯ ನಂಬರೂ ಸೇರಿಸಿ.
ಸೊನ್ನೆ.